ಯಾವ ಎಕ್ಸ್‌ಎಂಎಲ್ ಪಾರ್ಸರ್ ಚುರುಕು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಮಲೆನಾಡಿನ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಆರು ಒಂದೇ ವಿಷಯದ ಸುತ್ತ ಇದ್ದವು: ಎಕ್ಸ್‌ಎಂಎಲ್ ಫೈಲ್ (ಮಾಹಿತಿಯನ್ನು ಟ್ಯಾಗ್ ಎಂಬ ಗುರುತುಗಳ ನಡುವೆ ಇಟ್ಟ ಪಠ್ಯ) ಓದುವ ತಂತ್ರಾಂಶಗಳಲ್ಲಿ, ಅಂದರೆ ಪಾರ್ಸರ್‌ಗಳಲ್ಲಿ, ಯಾವುದು ವೇಗದ್ದು, ಅದನ್ನು ಅಳೆಯುವುದು ಹೇಗೆ, ಓದುವಾಗ ಕಂಪ್ಯೂಟರ್ ಯಾಕೆ ಕೈಕೊಡುತ್ತದೆ. ಆರನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಪ್ರಾಜೆಕ್ಟ್‌ಗಾಗಿ ಪೈಥಾನ್‌ನ ಮಿನಿಡಾಮ್, ಸ್ಯಾಕ್ಸ್, ಎಲಿಮೆಂಟ್‌ಟ್ರೀ, ಎಲ್‌ಎಕ್ಸ್‌ಎಂಎಲ್ ಈ ನಾಲ್ಕು ಪಾರ್ಸರ್‌ಗಳನ್ನೂ ಹೋಲಿಸುತ್ತಿದ್ದೇನೆ. ಒಂದೊಂದು ಸಲ ಒಂದೊಂದು ಅಂಕಿ ಬರುತ್ತದೆ. ಪಠ್ಯಪುಸ್ತಕದಲ್ಲಿ ಸ್ಯಾಕ್ಸ್ ಎಲ್ಲಕ್ಕಿಂತ ವೇಗದ್ದು ಎಂದಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದು ಎಲಿಮೆಂಟ್‌ಟ್ರೀಗಿಂತ ಹಿಂದೆ ಬೀಳುತ್ತದೆ. ಎಲ್ಲಿ ತಪ್ಪಿದ್ದೇನೆ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಶಿವಮೊಗ್ಗ

ಸ್ಯಾಕ್ಸ್ ಹಿಂದೆ ಬಿದ್ದದ್ದು ನಿಮ್ಮ ತಪ್ಪಲ್ಲ. ಪುಸ್ತಕದ ಮಾತು ಜಾವಾ ಮಟ್ಟಿಗೆ ಸರಿ. 1998ರಲ್ಲಿ ಸ್ಯಾಕ್ಸ್ ಮೊದಲು ರೂಪುಗೊಂಡದ್ದೂ ಜಾವಾಕ್ಕಾಗಿಯೇ. ಪೈಥಾನ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ ಸ್ಯಾಕ್ಸ್‌ನ ಒಳಗೂ ಎಲಿಮೆಂಟ್‌ಟ್ರೀಯ ಒಳಗೂ ದುಡಿಯುವುದು ಒಂದೇ ಎಂಜಿನ್, ಜೇಮ್ಸ್ ಕ್ಲಾರ್ಕ್ ಸಿ ಭಾಷೆಯಲ್ಲಿ ಬರೆದ ಎಕ್ಸ್‌ಪ್ಯಾಟ್. ವ್ಯತ್ಯಾಸವಿರುವುದು ಅದರ ಮೇಲಿನ ಪದರದಲ್ಲಿ. ಸ್ಯಾಕ್ಸ್‌ನಲ್ಲಿ ಟ್ಯಾಗ್ ತೆರೆದಾಗ, ಮುಚ್ಚಿದಾಗ, ನಡುವೆ ಪಠ್ಯ ಸಿಕ್ಕಾಗ, ಪ್ರತಿ ಸಲವೂ ಸಿ ಕೋಡು ನಿಮ್ಮ ಪೈಥಾನ್ ಫಂಕ್ಷನ್ನನ್ನು ಕರೆಯಬೇಕು. 10 ಲಕ್ಷ ಎಲಿಮೆಂಟ್ (ತೆರೆಯುವ ಟ್ಯಾಗಿನಿಂದ ಮುಚ್ಚುವ ಟ್ಯಾಗಿನವರೆಗಿನ ತುಂಡು) ಇರುವ ಫೈಲಿಗೆ ತೆರೆದು ಮುಚ್ಚುವುದಕ್ಕೇ 20 ಲಕ್ಷ ಕರೆ, ಪಠ್ಯದ್ದು ಬೇರೆ. ಸಮಯ ಹೋಗುವುದು ಆ ಕರೆಗಳಿಗೆ. ಎಲಿಮೆಂಟ್‌ಟ್ರೀಯಾದರೋ 2012ರ ಪೈಥಾನ್ 3.3ರಿಂದ ಈಚೆಗೆ ತಾನಾಗಿಯೇ ಸಿ ಆವೃತ್ತಿಯನ್ನು ಬಳಸುತ್ತದೆ. ಇಡೀ ಮರವನ್ನು, ಅಂದರೆ ಎಲಿಮೆಂಟ್‌ಗಳು ಒಂದರೊಳಗೊಂದು ಇರುವ ರಚನೆಯನ್ನು, ಸಿಯಲ್ಲೇ ಕಟ್ಟಿ ಕೊನೆಗೆ ನಿಮ್ಮ ಕೈಗೆ ಕೊಡುತ್ತದೆ. ಮಿನಿಡಾಮ್ ಮರ ಕಟ್ಟುವ ಕೆಲಸವನ್ನು ಪೈಥಾನ್‌ನಲ್ಲೇ ಮಾಡುವುದರಿಂದ ನಿಧಾನ, ಮೆಮೊರಿಯೂ ಜಾಸ್ತಿ. ಅದು ಕೊನೆಯ ಸ್ಥಾನದಲ್ಲಿ ಬಂದರೆ ಅಚ್ಚರಿಪಡಬೇಡಿ.

ಎಲ್‌ಎಕ್ಸ್‌ಎಂಎಲ್ ವಿಷಯದಲ್ಲಿ ಮಾತ್ರ ನೀವು ಎಡವಿರುವ ಸಾಧ್ಯತೆ ಹೆಚ್ಚು. ಅದು ಲಿಬ್‌ಎಕ್ಸ್‌ಎಂಎಲ್2 ಎಂಬ ಸಿ ಲೈಬ್ರರಿಯ ಮೇಲೆ ನಿಂತಿದೆ. ಪಾರ್ಸ್ ಎಂದು ಕರೆದಾಗ ಮರವನ್ನು ಸಿ ಕಡೆಯಲ್ಲೇ ಕಟ್ಟಿಟ್ಟು, ನೀವು ಒಂದೊಂದು ಎಲಿಮೆಂಟನ್ನು ಮುಟ್ಟಿದಾಗ ಮಾತ್ರ ಅದಕ್ಕೊಂದು ಪೈಥಾನ್ ವಸ್ತುವನ್ನು ಸೃಷ್ಟಿಸುತ್ತದೆ. ಹಾಗಾಗಿ ಪಾರ್ಸ್ ಸಾಲಿಗಷ್ಟೇ ಸ್ಟಾಪ್‌ವಾಚ್ ಹಿಡಿದರೆ ಅದು ಬಹಳ ಮುಂದಿರುತ್ತದೆ. ಆಮೇಲೆ ಎಲ್ಲ ಎಲಿಮೆಂಟ್‌ಗಳ ಮೇಲೂ ಒಮ್ಮೆ ನಡೆದು ಬಂದರೆ ಅಂತರ ಕುಗ್ಗುತ್ತದೆ, ಕೆಲವು ಫೈಲುಗಳಲ್ಲಿ ತಿರುಗಿಯೂ ಬೀಳುತ್ತದೆ. ನಿಜವಾದ ಬಳಕೆಯಲ್ಲಿ ಓದಿದ ಮೇಲೆ ಏನಾದರೂ ಮಾಡಿಯೇ ಮಾಡುತ್ತೀರಲ್ಲ, ಆ ಕೆಲಸವೂ ಅಳತೆಯೊಳಗೆ ಬರಲಿ.

ಇದಕ್ಕೆ ಸುಲಭ ದಾರಿಯಿದೆ. ನಾಲ್ಕೂ ಪ್ರೋಗ್ರಾಮ್‌ಗಳು ಕೊನೆಗೆ ಮೂರು ಸಂಖ್ಯೆ ಅಚ್ಚು ಹಾಕಲಿ: ಒಟ್ಟು ಎಲಿಮೆಂಟ್ ಎಷ್ಟು, ಆಟ್ರಿಬ್ಯೂಟ್ (ಟ್ಯಾಗಿನೊಳಗೇ ಬರೆದ ಹೆಸರು-ಮೌಲ್ಯದ ಜೋಡಿ) ಎಷ್ಟು, ಪಠ್ಯದ ಒಟ್ಟು ಉದ್ದ ಎಷ್ಟು ಅಕ್ಷರ. ನಾಲ್ಕರಲ್ಲೂ ಈ ಮೂರು ಸಂಖ್ಯೆ ಒಂದೇ ಆಗಿ ಬಂದ ಮೇಲಷ್ಟೇ ಸೆಕೆಂಡುಗಳನ್ನು ನೋಡಿ. ಪಠ್ಯದ ಉದ್ದ ಹೊಂದದಿದ್ದರೆ ಎಲಿಮೆಂಟ್‌ಟ್ರೀಯಲ್ಲಿ ‘ಟೇಲ್’ ಬಿಟ್ಟಿದ್ದೀರೋ ನೋಡಿ. ಮುಚ್ಚುವ ಟ್ಯಾಗಿನ ನಂತರ ಬರುವ ಪಠ್ಯವನ್ನು ಅದು ಅಲ್ಲಿ ಇಡುತ್ತದೆ.

ಇನ್ನು ಸಲಕ್ಕೊಂದು ಅಂಕಿ ಬರುವುದಕ್ಕೆ ಕಾರಣಗಳು. ಮೊದಲ ಓಟದಲ್ಲಿ ಫೈಲು ಡಿಸ್ಕ್‌ನಿಂದ ಬರುತ್ತದೆ, ಎರಡನೆಯದರಲ್ಲಿ ಲಿನಕ್ಸ್ ಅದನ್ನು ಆಗಲೇ ರ‍್ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ. ಯಾವ ಪಾರ್ಸರ್ ಮೊದಲು ಓಡಿತೋ ಅದಕ್ಕೆ ಅನ್ಯಾಯ. ಅಳೆಯುವ ಮುನ್ನ ಫೈಲನ್ನು ಸುಮ್ಮನೆ ಒಮ್ಮೆ ಓದಿಸಿಬಿಡಿ. ಎರಡನೆಯದು ಶಾಖ. ಲ್ಯಾಪ್‌ಟಾಪ್ ಕಾದಂತೆ ಪ್ರೊಸೆಸರ್ ತನ್ನ ವೇಗ ತಗ್ಗಿಸುತ್ತದೆ. ಮೊದಲು ಎಲಿಮೆಂಟ್‌ಟ್ರೀಯನ್ನು ಹತ್ತು ಸಲ, ಆಮೇಲೆ ಎಲ್‌ಎಕ್ಸ್‌ಎಂಎಲ್ಲನ್ನು ಹತ್ತು ಸಲ ಓಡಿಸಿದರೆ ಎರಡನೆಯದು ಕಾದ ಯಂತ್ರದಲ್ಲಿ ಓಡುತ್ತದೆ. ಒಂದಾದ ಮೇಲೊಂದು ಸರದಿಯಂತೆ ಓಡಿಸಿ, ಪ್ರತಿ ಓಟಕ್ಕೂ ಹೊಸ ಪ್ರೊಸೆಸ್ ಇರಲಿ. ಮೂರನೆಯದು ನಮ್ಮ ಮಳೆಗಾಲದ ಪಾಡು: ಕರೆಂಟು ಹೋಗಿ ಬ್ಯಾಟರಿಗೆ ಬಂದ ಕೂಡಲೇ ಬಹಳಷ್ಟು ಲ್ಯಾಪ್‌ಟಾಪ್‌ಗಳು ವಿದ್ಯುತ್ ಉಳಿಸುವ ಸ್ಥಿತಿಗೆ ಹೊರಳುತ್ತವೆ. ಚಾರ್ಜರ್ ಹಾಕಿದಾಗಿನ ಅಂಕಿಯನ್ನೂ ಬ್ಯಾಟರಿಯ ಅಂಕಿಯನ್ನೂ ಒಂದೇ ಕೋಷ್ಟಕದಲ್ಲಿ ಬೆರೆಸಬೇಡಿ.

ಹನ್ನೊಂದು ಸಲ ಓಡಿಸಿ ಮೊದಲನೆಯದನ್ನು ಬಿಡಿ. ಉಳಿದ ಹತ್ತರ ಮಧ್ಯಾಂಕವನ್ನೂ ಕನಿಷ್ಠವನ್ನೂ ಬರೆಯಿರಿ. ಒಂದೇ ಪಾರ್ಸರ್‌ನ ಹತ್ತು ಓಟಗಳಲ್ಲೇ ಶೇ. 8ರಷ್ಟು ಏರಿಳಿತ ಇದ್ದರೆ, ಎರಡು ಪಾರ್ಸರ್‌ಗಳ ನಡುವಿನ ಶೇ. 5ರ ಅಂತರವನ್ನು ವ್ಯತ್ಯಾಸ ಎಂದು ಬರೆಯುವಂತಿಲ್ಲ. ಫೈಲು ಬಿಜಡ್2 ಎಂಬ ಕುಗ್ಗಿಸಿದ ರೂಪದಲ್ಲಿದ್ದರೆ ಮೊದಲೇ ಬಿಚ್ಚಿಟ್ಟುಕೊಳ್ಳಿ. ಬಿಚ್ಚುವ ಕೆಲಸವೇ ಪಾರ್ಸಿಂಗ್‌ಗಿಂತ ಹೆಚ್ಚು ಹೊತ್ತು ತಿನ್ನಬಹುದು, ಆಗ ಎಲ್ಲ ಪಾರ್ಸರ್‌ಗಳೂ ಒಂದೇ ವೇಗದವು ಎನ್ನಿಸುತ್ತದೆ. ಮೆಮೊರಿ ಅಳೆಯಲು ಗ್ನೂ ‘ಟೈಮ್’ ಆಜ್ಞೆಗೆ ಹೈಫನ್-ವಿ ಸೇರಿಸಿ, ‘ಮ್ಯಾಕ್ಸಿಮಮ್ ರೆಸಿಡೆಂಟ್ ಸೆಟ್ ಸೈಜ್’ (ಒಮ್ಮೆಗೆ ಬಳಸಿದ ಗರಿಷ್ಠ ಮೆಮೊರಿ) ಎಂಬ ಸಾಲನ್ನು ಓದಿ. ಅಂಕಿ ಕಿಲೋಬೈಟಿನಲ್ಲಿರುತ್ತದೆ. ಶೆಲ್‌ನೊಳಗಿನ ಟೈಮ್ ಇದನ್ನು ತೋರಿಸುವುದಿಲ್ಲ, ‘ಯುಎಸ್‌ಆರ್ ಬಿನ್’ನಲ್ಲಿರುವುದನ್ನೇ ಪೂರ್ಣ ದಾರಿ ಕೊಟ್ಟು ಕರೆಯಬೇಕು.

ಕೊನೆಯದಾಗಿ, ಸೆಕೆಂಡಿಗೆ ಇಷ್ಟು ಎಂಬಿ ಎಂಬ ಒಂದೇ ಅಂಕಿಯನ್ನು ವರದಿಯಲ್ಲಿ ಕೊಡಬೇಡಿ. ಅದು ಹಸಿ ಅಡಿಕೆಯ ತೂಕವನ್ನು ಒಣ ರಾಶಿಯ ತೂಕದ ಪಕ್ಕ ಇಟ್ಟಂತೆ. ಉದ್ದುದ್ದ ಪಠ್ಯ, ಅಲ್ಲೊಂದು ಇಲ್ಲೊಂದು ಟ್ಯಾಗ್ ಇರುವ ಫೈಲು ಸರಸರನೆ ಸಾಗುತ್ತದೆ. ಎರಡು ಅಂಕಿಗೊಂದು ಟ್ಯಾಗ್ ಇರುವ ಫೈಲು ಅದೇ ಗಾತ್ರದ್ದಾದರೂ ತೆವಳುತ್ತದೆ, ಯಾಕೆಂದರೆ ಖರ್ಚು ಬೀಳುವುದು ಎಲಿಮೆಂಟ್ ಲೆಕ್ಕದಲ್ಲಿ. ಪಠ್ಯ ಹೆಚ್ಚಿರುವುದು, ಟ್ಯಾಗ್ ಹೆಚ್ಚಿರುವುದು, ಓಪನ್‌ಸ್ಟ್ರೀಟ್‌ಮ್ಯಾಪ್‌ನಂತೆ ಆಟ್ರಿಬ್ಯೂಟ್ ಹೆಚ್ಚಿರುವುದು, ಹೀಗೆ ಮೂರು ಫೈಲು ಇಟ್ಟುಕೊಂಡು ಮೂರಕ್ಕೂ ಬೇರೆ ಬೇರೆ ಅಂಕಿ ಕೊಡಿ.

ಪ್ರಶ್ನೆ: ಅಡಿಕೆ ಮಂಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಲೆಕ್ಕದ ಸಾಫ್ಟ್‌ವೇರ್‌ನಿಂದ ವರ್ಷದ ವೋಚರ್‌ಗಳನ್ನೆಲ್ಲ ತೆಗೆದರೆ 600 ಎಂಬಿ ಎಕ್ಸ್‌ಎಂಎಲ್ ಬರುತ್ತದೆ. 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ನಿಂತೇ ಹೋಗುತ್ತದೆ. ಐಟರ್‌ಪಾರ್ಸ್ (ಫೈಲನ್ನು ಸ್ವಲ್ಪ ಸ್ವಲ್ಪವಾಗಿ ಓದುವ ಫಂಕ್ಷನ್) ಬಳಸಿದರೂ ಮೆಮೊರಿ ಏರುತ್ತಲೇ ಇರುತ್ತದೆ. ಕೆಲವು ಫೈಲು ‘ಇನ್‌ವ್ಯಾಲಿಡ್ ಕ್ಯಾರೆಕ್ಟರ್ ನಂಬರ್’ ಎಂದು ನಿಲ್ಲುತ್ತವೆ. ಬೇರೆ ಪಾರ್ಸರ್ ಹಾಕಿದರೆ ಸರಿಹೋದೀತೆ?
— ಲೆಕ್ಕಿಗರು, ಶಿವಮೊಗ್ಗ

ಪಾರ್ಸರ್ ಬದಲಿಸುವ ಅಗತ್ಯವಿಲ್ಲ, ಎಲಿಮೆಂಟ್‌ಟ್ರೀ ಸಾಕು.

ಯಂತ್ರ ನಿಲ್ಲುವುದು ರ‍್ಯಾಮ್ ತುಂಬಿ ಸ್ವಾಪ್‌ಗೆ, ಅಂದರೆ ಡಿಸ್ಕನ್ನೇ ಮೆಮೊರಿಯಂತೆ ಬಳಸುವುದಕ್ಕೆ, ಇಳಿದಾಗ. ಪೈಥಾನ್‌ನಲ್ಲಿ ಪ್ರತಿ ಸಣ್ಣ ಸ್ಟ್ರಿಂಗ್‌ಗೂ (ಪಠ್ಯದ ತುಂಡಿಗೂ), ಆವೃತ್ತಿ ನೋಡಿಕೊಂಡು, 40ರಿಂದ 75 ಬೈಟ್ ಮೇಲುಖರ್ಚು ಇದೆ. ‘450’ ಎಂಬ ಮೂರಕ್ಷರದ ಮೊತ್ತಕ್ಕೂ ಅಷ್ಟೇ. ಎಲಿಮೆಂಟ್‌ನದು ಬೇರೆ, ಆಟ್ರಿಬ್ಯೂಟ್ ಇದ್ದರೆ ಅದರ ಡಿಕ್ಷನರಿಯದು ಇನ್ನೂ ಬೇರೆ. ಹೀಗಾಗಿ ಟ್ಯಾಗ್ ಹೆಚ್ಚಿರುವ ಫೈಲಿನ ಮರ ಫೈಲಿಗಿಂತ ಹಲವು ಪಟ್ಟು ದೊಡ್ಡದಾಗುತ್ತದೆ.

ಐಟರ್‌ಪಾರ್ಸ್ ಓದುತ್ತಾ ಹೋದಂತೆ ಮರವನ್ನೂ ಕಟ್ಟುತ್ತಾ ಹೋಗುತ್ತದೆ, ತಾನಾಗಿ ಏನನ್ನೂ ಬಿಸಾಡುವುದಿಲ್ಲ. ಬಿಸಾಡುವುದು ನಿಮ್ಮ ಕೆಲಸ. ಇಲ್ಲಿ ಮೂರು ಕಡೆ ಜನ ಜಾರುತ್ತಾರೆ. ಬರುವ ಪ್ರತಿ ಎಲಿಮೆಂಟ್‌ಗೂ ‘ಕ್ಲಿಯರ್’ ಕರೆದರೆ, ವೋಚರ್ ಮುಗಿಯುವ ಮೊದಲೇ ಅದರೊಳಗಿನ ಮೊತ್ತ, ದಿನಾಂಕ ಅಳಿಸಿಹೋಗಿ ನಿಮಗೆ ಖಾಲಿ ಸಿಗುತ್ತದೆ. ವೋಚರ್‌ಗೆ ಮಾತ್ರ ಕ್ಲಿಯರ್ ಕರೆದರೆ ಒಳಗಿನದು ಹೋಗುತ್ತದೆ, ಆದರೆ ಖಾಲಿ ವೋಚರ್ ತನ್ನ ಪೋಷಕ ಎಲಿಮೆಂಟ್‌ನ ಪಟ್ಟಿಯಲ್ಲಿ ಹಾಗೇ ಉಳಿಯುತ್ತದೆ. ನಿಮ್ಮ ಮೆಮೊರಿ ನಿಧಾನವಾಗಿ ಏರುತ್ತಿರುವುದು ಬಹುಶಃ ಇದರಿಂದಲೇ. ಮೂರನೆಯದಾಗಿ, ‘ಬೇರಿನ (ಎಲ್ಲಕ್ಕಿಂತ ಹೊರಗಿನ) ಎಲಿಮೆಂಟನ್ನು ಕ್ಲಿಯರ್ ಮಾಡಿ’ ಎಂಬ ಪ್ರಸಿದ್ಧ ಸಲಹೆ ವೋಚರ್ ಬೇರಿನ ನೇರ ಮಗುವಾಗಿದ್ದರೆ ಮಾತ್ರ ಫಲಿಸುತ್ತದೆ. ಲೆಕ್ಕದ ಫೈಲುಗಳಲ್ಲಿ ವೋಚರ್ ನಾಲ್ಕೈದು ಮಟ್ಟ ಒಳಗಿರುತ್ತದೆ. ಬೇರನ್ನು ಖಾಲಿ ಮಾಡಿದರೂ ಇನ್ನೂ ಮುಚ್ಚದ ನಡುವಿನ ಎಲಿಮೆಂಟ್ ಪಾರ್ಸರ್‌ನ ಕೈಯಲ್ಲೇ ಇದ್ದು ತುಂಬುತ್ತಾ ಹೋಗುತ್ತದೆ.

ಆದ್ದರಿಂದ ಹೀಗೆ ಮಾಡಿ. ಐಟರ್‌ಪಾರ್ಸ್‌ಗೆ ‘ಸ್ಟಾರ್ಟ್’, ‘ಎಂಡ್’ ಎರಡೂ ಈವೆಂಟ್ ಕೇಳಿ. ಸ್ಟಾರ್ಟ್ ಬಂದಾಗ ಎಲಿಮೆಂಟನ್ನು ಒಂದು ಲಿಸ್ಟ್‌ನ ಕೊನೆಗೆ ಸೇರಿಸಿ, ಎಂಡ್ ಬಂದಾಗ ಕೊನೆಯದನ್ನು ತೆಗೆಯಿರಿ. ತೆಗೆದ ಎಲಿಮೆಂಟ್ ವೋಚರ್ ಆಗಿದ್ದರೆ ಬೇಕಾದ ಮೊತ್ತ, ದಿನಾಂಕ, ಖಾತೆಯ ಹೆಸರನ್ನು ಬರೆದುಕೊಂಡು, ಈಗ ಲಿಸ್ಟ್‌ನ ಕೊನೆಯಲ್ಲಿರುವ ಎಲಿಮೆಂಟ್‌ನಿಂದ, ಅಂದರೆ ಪೋಷಕನಿಂದ, ವೋಚರನ್ನು ‘ರಿಮೂವ್’ ಮಾಡಿ. ವೋಚರ್‌ಗೆ ಪ್ರತ್ಯೇಕ ಹೊರಕವಚದ ಟ್ಯಾಗ್ ಇದ್ದರೆ ಆ ಕವಚ ಮುಗಿದಾಗ ಅದನ್ನೂ ಹೀಗೇ ತೆಗೆಯಬೇಕು. ಪಠ್ಯವನ್ನು ಸ್ಟಾರ್ಟ್‌ನಲ್ಲಿ ಓದಬೇಡಿ, ಆಗಿನ್ನೂ ಅದು ಬಂದಿರುವುದಿಲ್ಲ. ಇಷ್ಟಾದರೆ 600 ಎಂಬಿ ಇರಲಿ 6 ಜಿಬಿ ಇರಲಿ, ಮೆಮೊರಿ ಒಂದು ವೋಚರ್‌ನ ಆಸುಪಾಸಿನಲ್ಲೇ ನಿಲ್ಲುತ್ತದೆ.

ಇನ್ನು ಅಕ್ಷರದ ದೋಷ. ಎಕ್ಸ್‌ಎಂಎಲ್ 1.0ರಲ್ಲಿ 32ಕ್ಕಿಂತ ಕೆಳಗಿನ ಸಂಕೇತಗಳಲ್ಲಿ 9, 10, 13 ಮಾತ್ರ ಸಲ್ಲುತ್ತವೆ: ಟ್ಯಾಬ್ ಮತ್ತು ಸಾಲು ಮುರಿಯುವ ಎರಡು. ಕೆಲವು ಲೆಕ್ಕದ ತಂತ್ರಾಂಶಗಳು 4ನೇ ಸಂಕೇತವನ್ನು ಆಂಪರ್ಸಂಡ್, ಹ್ಯಾಶ್, 4, ಅರ್ಧವಿರಾಮ ಎಂದು ಬರೆದುಬಿಡುತ್ತವೆ. ನಿಯಮ ಪಾಲಿಸುವ ಯಾವ ಪಾರ್ಸರ್ ಆದರೂ ಅಲ್ಲಿ ನಿಲ್ಲಲೇಬೇಕು. ಎಲ್‌ಎಕ್ಸ್‌ಎಂಎಲ್‌ನಲ್ಲಿ ‘ರಿಕವರ್’ ಎಂಬ ಆಯ್ಕೆ ಇದೆ, ಅದು ದಾಟಿಕೊಂಡು ಹೋಗುತ್ತದೆ. ಆದರೆ ಹೋಗುವಾಗ ಏನನ್ನು ಬಿಟ್ಟಿತು ಎಂದು ಅದಾಗಿ ಹೇಳುವುದಿಲ್ಲ. ಹಣದ ಲೆಕ್ಕಕ್ಕೆ ಅದನ್ನು ಬಳಸಬೇಡಿ. ಫೈಲನ್ನು ಸಾಲುಸಾಲಾಗಿ ಓದಿ, ಆ ನಾಲ್ಕು ಚಿಹ್ನೆಯ ತುಂಡನ್ನು ಅಳಿಸಿ ಹೊಸ ಫೈಲಿಗೆ ಬರೆಯಿರಿ. ಎಷ್ಟು ಕಡೆ ಅಳಿಸಿದಿರಿ ಎಂಬ ಎಣಿಕೆಯನ್ನೂ ಇಟ್ಟುಕೊಳ್ಳಿ.

ಹೀಗೆ ಬರೆಯುವಾಗ ಮೂಲ ಫೈಲಿನ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಯುಟಿಎಫ್-16 ಆಗಿದೆಯೇ ನೋಡಿ. ಇದ್ದರೆ ಯುಟಿಎಫ್-8ಕ್ಕೆ ಬದಲಿಸಿ. ಇಂಗ್ಲಿಷ್ ಟ್ಯಾಗ್‌ಗಳೇ ತುಂಬಿರುವ ಫೈಲು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮೊದಲ ಸಾಲಿನ ಘೋಷಣೆಯಲ್ಲಿ ಎನ್‌ಕೋಡಿಂಗ್ ಹೆಸರನ್ನೂ ಬದಲಿಸಲು ಮರೆಯಬೇಡಿ, ಮರೆತರೆ ಎಕ್ಸ್‌ಪ್ಯಾಟ್ ಆ ಸಾಲಿನಲ್ಲೇ ತಕರಾರು ತೆಗೆಯುತ್ತದೆ. ಮೊತ್ತಕ್ಕೆ ಫ್ಲೋಟ್ ಬೇಡ, ‘ಡೆಸಿಮಲ್’ ಬಳಸಿ. 1,25,000 ಎಂದು ಅಲ್ಪವಿರಾಮ ಬಂದಿದ್ದರೆ ಮೊದಲು ತೆಗೆಯಿರಿ. ಕೊನೆಗೆ ಒಟ್ಟು ಜಮಾ, ಒಟ್ಟು ಖರ್ಚನ್ನು ಸಾಫ್ಟ್‌ವೇರ್‌ನ ವರದಿಯೊಡನೆ ಪೈಸೆಗೆ ಪೈಸೆ ತಾಳೆ ನೋಡಿ.

ಪ್ರಶ್ನೆ: ಜಾವಾದಲ್ಲಿ ಬರೆದ ಪ್ರೋಗ್ರಾಮ್ ಪೇಟೆಯ ಆಫೀಸಿನಲ್ಲಿ ಒಂದು ಸೆಕೆಂಡಿನೊಳಗೆ ಫೈಲು ಓದುತ್ತದೆ. ಅದೇ ಲ್ಯಾಪ್‌ಟಾಪನ್ನು ಊರಿನ ಮನೆಗೆ ತಂದರೆ ನಿಮಿಷಗಟ್ಟಲೆ ಕಾದು ಕೊನೆಗೆ ಎರರ್ ಕೊಡುತ್ತದೆ. ಫೈಲು ನನ್ನ ಡಿಸ್ಕ್‌ನಲ್ಲೇ ಇದೆ.
— ಓದುಗರು, ಸಾಗರ ತಾಲ್ಲೂಕು

ಫೈಲಿನ ಮೇಲ್ಭಾಗದಲ್ಲಿ ‘ಡಾಕ್‌ಟೈಪ್’ ಸಾಲು ಇದೆಯೇ, ಅದರಲ್ಲಿ ವೆಬ್ ವಿಳಾಸ ಇದೆಯೇ ನೋಡಿ. ಇದ್ದರೆ ಪಾರ್ಸರ್ ಆ ವಿಳಾಸದಿಂದ ಡಿಟಿಡಿ (ಫೈಲಿನ ರಚನೆಯ ನಿಯಮಗಳ ಕಡತ) ತರಲು ಹೋಗುತ್ತದೆ. ಪೇಟೆಯ ನೆಟ್‌ನಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಗುಡ್ಡದ ಮರೆಯಲ್ಲಿ ಸಿಗ್ನಲ್ ಒಂದು ಗೀಟಿಗೆ ಇಳಿದಲ್ಲಿ ಇದೇ ಇಡೀ ಕಾಯುವಿಕೆ. ‘ಸೆಟ್‌ವ್ಯಾಲಿಡೇಟಿಂಗ್’ ಅನ್ನು ಫಾಲ್ಸ್ ಮಾಡಿದರೆ ನಿಲ್ಲುತ್ತದೆ ಎಂದು ಬಹಳ ಜನ ನಂಬಿದ್ದಾರೆ, ನಿಲ್ಲುವುದಿಲ್ಲ. ಆ ಸ್ವಿಚ್ಚು ತಪ್ಪೊಪ್ಪು ಪರೀಕ್ಷೆಯದ್ದು, ಡಿಟಿಡಿ ತರುವುದರದ್ದಲ್ಲ.

ಜಾವಾದ ಜೊತೆ ಬರುವ ಪಾರ್ಸರ್ ಝರ್ಸೀಸ್ ಎಂಬ ಇನ್ನೊಂದು ಪಾರ್ಸರ್‌ನಿಂದ ಬಂದದ್ದು. ಅದಕ್ಕೆ ‘ಲೋಡ್-ಎಕ್ಸ್‌ಟರ್ನಲ್-ಡಿಟಿಡಿ’ ಎಂದು ಕೊನೆಯಾಗುವ ಫೀಚರ್ ಇದೆ, ಅದನ್ನು ಫಾಲ್ಸ್ ಮಾಡಿ. ಜಾವಾದ ಇನ್ನೊಂದು ಓದುವ ವಿಧಾನವಾದ ಸ್ಟ್ಯಾಕ್ಸ್ ಬಳಸುತ್ತಿದ್ದರೆ ‘ಸಪೋರ್ಟ್ ಡಿಟಿಡಿ’ ಗುಣವನ್ನು ಫಾಲ್ಸ್ ಮಾಡಿ. ಒಂದು ಎಚ್ಚರಿಕೆ: ಡಿಟಿಡಿಯಲ್ಲಿ ವಿವರಿಸಿದ ಎಂಟಿಟಿಗಳನ್ನು (ಅಕ್ಷರ ಅಥವಾ ಪಠ್ಯಕ್ಕೆ ಬದಲಾಗಿ ಬರೆಯುವ ಹೆಸರುಗಳನ್ನು) ಫೈಲು ಬಳಸಿದ್ದರೆ ಪಾರ್ಸರ್‌ಗೆ ಅವುಗಳ ಅರ್ಥ ಸಿಗದೆ ಆ ಅಕ್ಷರಗಳು ಬಿಟ್ಟುಹೋಗಬಹುದು. ಅಂಥ ಫೈಲಾದರೆ ಡಿಟಿಡಿಯ ಪ್ರತಿಯನ್ನು ಡಿಸ್ಕ್‌ನಲ್ಲೇ ಇಟ್ಟು, ಜಾವಾ 9ರಿಂದ ಸಿಗುವ ಎಕ್ಸ್‌ಎಂಎಲ್ ಕ್ಯಾಟಲಾಗ್ ಮೂಲಕ ವಿಳಾಸವನ್ನು ಅಲ್ಲಿಗೆ ತಿರುಗಿಸಿ. ನಮಗೆ ಈ ಎರಡನೆಯ ದಾರಿಯೇ ಹೆಚ್ಚು ಒಪ್ಪಿಗೆ.

ನಿಮ್ಮಲ್ಲಿ ಸಣ್ಣ ಸಣ್ಣ ಫೈಲು ಸಾವಿರಾರು ಇದ್ದರೆ ಇನ್ನೊಂದು ಸೋರಿಕೆಯನ್ನೂ ಮುಚ್ಚಿ. ಪ್ರತಿ ಫೈಲಿಗೂ ಹೊಸ ‘ಫ್ಯಾಕ್ಟರಿ’ (ಪಾರ್ಸರ್ ತಯಾರಿಸಿ ಕೊಡುವ ವಸ್ತು) ತೆರೆದರೆ ಜಾವಾ ಪ್ರತಿ ಸಲವೂ ಯಾವ ಪಾರ್ಸರ್ ಬಳಸಬೇಕೆಂದು ಜಾರ್‌ಗಳಲ್ಲೆಲ್ಲ (ಜಾವಾ ಕೋಡಿನ ಕಟ್ಟುಗಳಲ್ಲೆಲ್ಲ) ಹುಡುಕುತ್ತದೆ. ಎರಡು ಕೆಬಿ ಫೈಲಿಗೆ ಓದುವುದಕ್ಕಿಂತ ಹುಡುಕಾಟವೇ ದೊಡ್ಡದು. ಒಮ್ಮೆ ತೆರೆದದ್ದನ್ನೇ ಮತ್ತೆ ಮತ್ತೆ ಬಳಸಿ. ಜಾವಾದಲ್ಲಿ ಅಳೆಯುವಾಗ ಮೊದಲ ಕೆಲವು ಓಟಗಳನ್ನು ಎಸೆಯಲೇಬೇಕು. ಪದೇಪದೇ ಓಡುವ ಕೋಡನ್ನು ಅದು ಓಡುತ್ತಲೇ ಯಂತ್ರಭಾಷೆಗೆ ಬದಲಿಸುವುದರಿಂದ ಆರಂಭ ಯಾವಾಗಲೂ ನಿಧಾನ.

ಪ್ರಶ್ನೆ: ಕನ್ನಡ ವಿಕಿಪೀಡಿಯದ ಡಂಪ್‌ನಿಂದ (ಪುಟಗಳನ್ನೆಲ್ಲ ಸೇರಿಸಿದ ಎಕ್ಸ್‌ಎಂಎಲ್ ಫೈಲಿನಿಂದ) ಪದಪಟ್ಟಿ ಮಾಡುತ್ತಿದ್ದೇನೆ. ‘ಪೇಜ್’ ಟ್ಯಾಗ್ ಹುಡುಕಿದರೆ ಒಂದೂ ಸಿಗುವುದಿಲ್ಲ. ಸ್ಯಾಕ್ಸ್‌ನಲ್ಲಿ ಓದಿದರೆ ಪಟ್ಟಿಯಲ್ಲಿ ಅಲ್ಲಲ್ಲಿ ಅರ್ಧ ಪದಗಳು. ಕನ್ನಡಕ್ಕೆ ಹೊಂದುವ ಪಾರ್ಸರ್ ಯಾವುದು?
— ಭಾಷಾ ಅಧ್ಯಾಪಕರು, ತೀರ್ಥಹಳ್ಳಿ

ಕನ್ನಡಕ್ಕೆಂದು ಬೇರೆ ಪಾರ್ಸರ್ ಬೇಕಿಲ್ಲ. ಪೇಜ್ ಸಿಗದಿರುವುದು ನೇಮ್‌ಸ್ಪೇಸ್‌ನಿಂದ, ಅಂದರೆ ಟ್ಯಾಗ್ ಯಾರದೆಂದು ಗುರುತಿಸುವ ವಿಳಾಸದಿಂದ. ಡಂಪ್‌ನ ಮೊದಲ ಟ್ಯಾಗ್‌ನಲ್ಲಿ ಮೀಡಿಯಾವಿಕಿಯ ವಿಳಾಸವೊಂದಿದೆ. ಎಲಿಮೆಂಟ್‌ಟ್ರೀ ಅದನ್ನು ಪುಷ್ಪಾವರಣದೊಳಗೆ ಹಾಕಿ ಪ್ರತಿ ಟ್ಯಾಗ್ ಹೆಸರಿನ ಆರಂಭಕ್ಕೆ ಅಂಟಿಸುತ್ತದೆ. ಪೂರ್ತಿ ಹೆಸರನ್ನು ಕೊಡಿ, ಅಥವಾ ಮುಚ್ಚುವ ಪುಷ್ಪಾವರಣದ ನಂತರದ ಭಾಗವನ್ನಷ್ಟೇ ಹೋಲಿಸಿ.

ಅರ್ಧ ಪದಕ್ಕೆ ಕಾರಣ: ಒಂದೇ ಎಲಿಮೆಂಟ್‌ನ ಪಠ್ಯವನ್ನು ಸ್ಯಾಕ್ಸ್ ಒಂದೇ ಕಂತಿನಲ್ಲಿ ಕೊಡುತ್ತೇನೆಂದು ಮಾತು ಕೊಟ್ಟಿಲ್ಲ. ಹೊಸ ಸಾಲು, ಎಂಟಿಟಿ, ಬಫರ್‌ನ (ಒಮ್ಮೆಗೆ ಓದಿಕೊಂಡ ತುಂಡಿನ) ಅಂಚು, ಎಲ್ಲಿ ಬೇಕಾದರೂ ತುಂಡಾಗಬಹುದು. ಎಕ್ಸ್‌ಪ್ಯಾಟ್ ಒಂದು ಯೂನಿಕೋಡ್ ಸಂಕೇತದ ಮೂರು ಬೈಟನ್ನು ಒಡೆಯುವುದಿಲ್ಲ. ಆದರೆ ನಮ್ಮ ಒಂದು ಅಕ್ಷರ ಹಲವು ಸಂಕೇತಗಳಿಂದ ಆದದ್ದು. ‘ಶಿವಮೊಗ್ಗ’ ನಾಲ್ಕು ಅಕ್ಷರ, ಎಂಟು ಸಂಕೇತ, ಯುಟಿಎಫ್-8ರಲ್ಲಿ 24 ಬೈಟ್. ‘ಗ್’ ಆದ ಮೇಲೆ ತುಂಡಾದರೆ ಒತ್ತು ಮುಂದಿನ ಕಂತಿಗೆ ಹೋಗುತ್ತದೆ. ‘ಕ್ಯಾರೆಕ್ಟರ್ಸ್’ ಫಂಕ್ಷನ್‌ನಲ್ಲಿ ಪಠ್ಯವನ್ನು ಲಿಸ್ಟ್‌ಗೆ ಸೇರಿಸುತ್ತಾ ಹೋಗಿ, ಎಲಿಮೆಂಟ್ ಮುಗಿದಾಗ ಒಮ್ಮೆಗೇ ಜೋಡಿಸಿ, ಆಮೇಲೆ ಪದಗಳಾಗಿ ಒಡೆಯಿರಿ.

ಪದಪಟ್ಟಿಗೆ ಇನ್ನೆರಡು ಮಾತು. ‘ೊ’ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ‘ೆ’ ಮತ್ತು ‘ೂ’ ಎರಡನ್ನು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಪ್ರೋಗ್ರಾಮ್‌ಗೆ ಎರಡು ಪದ. ಎಣಿಸುವ ಮುನ್ನ ಎನ್‌ಎಫ್‌ಸಿ ಎಂಬ ಯೂನಿಕೋಡ್ ರೂಪಕ್ಕೆ ತನ್ನಿ, ಅದರಲ್ಲಿ ಇಂಥವು ಒಂದೇ ಸಂಕೇತವಾಗುತ್ತವೆ. ಒತ್ತು ಬೀಳದಂತೆ ತಡೆಯುವ ಕಾಣದ ಸಂಕೇತವನ್ನು ಪದದ ಗಡಿ ಎಂದು ತಿಳಿದು ಕತ್ತರಿಸಬೇಡಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಾದ ಫೈಲುಗಳೂ ನಿಮ್ಮಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಎನ್‌ಕೋಡಿಂಗ್ ಘೋಷಿಸದ ಫೈಲನ್ನು ಪಾರ್ಸರ್ ಯುಟಿಎಫ್-8 ಎಂದೇ ಓದುತ್ತದೆ, ಆ ಬೈಟ್‌ಗಳು ಅದಕ್ಕೆ ಹೊಂದದೆ ‘ಇನ್‌ವ್ಯಾಲಿಡ್ ಟೋಕನ್’ ಎಂದು ನಿಲ್ಲುತ್ತದೆ.

ಪ್ರಶ್ನೆ: ಸಿ++ನ ಪುಗಿಎಕ್ಸ್‌ಎಂಎಲ್ ಪಾರ್ಸರ್ ನನ್ನ ಯಂತ್ರದಲ್ಲಿ ಲಿಬ್‌ಎಕ್ಸ್‌ಎಂಎಲ್2ನ್ನು ಬಹಳ ಹಿಂದೆ ಹಾಕಿತು. ಕಣ್ಣುಮುಚ್ಚಿ ಅದಕ್ಕೇ ಹೋಗಬಹುದೆ?
— ಪ್ರೋಗ್ರಾಮರ್, ಕೊಪ್ಪ

ಫೈಲು ಎಲ್ಲಿಂದ ಬರುತ್ತದೆ ಎಂಬುದರ ಮೇಲಿದೆ. ಪುಗಿಎಕ್ಸ್‌ಎಂಎಲ್ ನಿಜಕ್ಕೂ ಚುರುಕು, ಆದರೆ ಆ ವೇಗದ ಒಂದು ಭಾಗ ಮಾಡದೆ ಬಿಟ್ಟ ಕೆಲಸದ್ದು. ಒಂದೇ ಎಲಿಮೆಂಟ್‌ನಲ್ಲಿ ಒಂದೇ ಹೆಸರಿನ ಎರಡು ಆಟ್ರಿಬ್ಯೂಟ್ ಇದ್ದರೂ ಅದು ತಡೆಯುವುದಿಲ್ಲ. ಕೆಟ್ಟ ಯುಟಿಎಫ್ ಬೈಟ್‌ಗಳನ್ನೂ ಗೊತ್ತಿಲ್ಲದ ಎಂಟಿಟಿಗಳನ್ನೂ ಹಾಗೇ ಬಿಡುತ್ತದೆ, ಡಾಕ್‌ಟೈಪ್‌ನಲ್ಲಿರುವುದನ್ನು ಬಳಸುವುದಿಲ್ಲ. ಅದರ ಕೈಪಿಡಿಯೇ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ನಿಮ್ಮದೇ ಪ್ರೋಗ್ರಾಮ್ ಬರೆದ ಫೈಲಾದರೆ ಧಾರಾಳವಾಗಿ ಬಳಸಿ. ಹೊರಗಿನವರು ಕಳಿಸುವ ಫೈಲು ಸರಿಯಿದೆಯೇ ಎಂದು ತಿಳಿಯಬೇಕಿದ್ದರೆ ಲಿಬ್‌ಎಕ್ಸ್‌ಎಂಎಲ್2 ಅಥವಾ ಎಕ್ಸ್‌ಪ್ಯಾಟ್ ಇರಲಿ.

ರ‍್ಯಾಪಿಡ್‌ಎಕ್ಸ್‌ಎಂಎಲ್ ಎಂಬ ಇನ್ನೊಂದು ಸಿ++ ಪಾರ್ಸರನ್ನು ನೋಡುವುದಾದರೆ ಒಂದು ವಿಷಯ ನೆನಪಿರಲಿ: ಅದರ ಮರದಲ್ಲಿರುವ ಹೆಸರು, ಮೌಲ್ಯಗಳು ನಿಮ್ಮ ಮೂಲ ಬಫರ್‌ನತ್ತ ಬೆರಳು ತೋರುವ ಪಾಯಿಂಟರ್‌ಗಳು, ಪ್ರತಿಗಳಲ್ಲ. ಓದುವ ಫಂಕ್ಷನ್ ಮುಗಿದು ಬಫರ್ ಅಳಿದರೆ ಮರದಲ್ಲಿ ಕಸ ಕಾಣುತ್ತದೆ, ಅದೂ ಕೆಲವೊಮ್ಮೆ ಮಾತ್ರ. ಮರ ಇರುವಷ್ಟು ಕಾಲ ಬಫರನ್ನೂ ಉಳಿಸಿ, ಅದರ ಕೊನೆಯಲ್ಲಿ ಸೊನ್ನೆ ಬೈಟ್ ಇರಲಿ.

ಪ್ರಶ್ನೆ: ಪಾರ್ಸರ್ ಯಾಕೆ, ರೆಗೆಕ್ಸ್ (ಪಠ್ಯದ ನಮೂನೆ ಹುಡುಕುವ ಸೂತ್ರ) ಹಾಕಿ ಟ್ಯಾಗ್ ಹೆಕ್ಕಿದರೆ ಇನ್ನೂ ಬೇಗ ಆಗುವುದಿಲ್ಲವೆ?
— ಓದುಗರು, ಹೊಸನಗರ

ಬೇಗ ಆಗಬಹುದು. ಆದರೆ ಕಾಮೆಂಟ್‌ನೊಳಗಿನ ಟ್ಯಾಗನ್ನೂ ಸಿಡೇಟಾ ಭಾಗದ (ಟ್ಯಾಗ್ ಎಂದು ಓದಬಾರದೆಂದು ಗುರುತಿಸಿದ ಭಾಗದ) ಪಠ್ಯವನ್ನೂ ಅದು ನಿಜವಾದ ಟ್ಯಾಗ್ ಎಂದೇ ಎಣಿಸುತ್ತದೆ, ಒಂದರೊಳಗೊಂದು ಅದೇ ಹೆಸರಿನ ಎಲಿಮೆಂಟ್ ಬಂದರೆ ತಪ್ಪು ಜಾಗದಲ್ಲಿ ಮುಚ್ಚುತ್ತದೆ, ಎಂಟಿಟಿಗಳನ್ನು ಬಿಡಿಸುವುದಿಲ್ಲ. ಫೈಲಿನಲ್ಲಿ ಸುಮಾರು ಎಷ್ಟು ದಾಖಲೆ ಇರಬಹುದು ಎಂದು ಅಂದಾಜು ಮಾಡಲು ಪಠ್ಯ ಹುಡುಕುವ ‘ಗ್ರೆಪ್’ ಆಜ್ಞೆ ಬಳಸಿ. ಅದರ ಹೈಫನ್-ಸಿ ಎಣಿಸುವುದು ಟ್ಯಾಗ್‌ಗಳನ್ನಲ್ಲ, ಹೊಂದಿದ ಸಾಲುಗಳನ್ನು. ಇಡೀ ಫೈಲು ಒಂದೇ ಸಾಲಿನಲ್ಲಿದ್ದರೆ ಉತ್ತರ 1 ಎಂದೇ ಬರುತ್ತದೆ. ದಾಖಲೆಯ ಒಳಗಿನ ಮೌಲ್ಯ ಬೇಕಾದರೆ ಪಾರ್ಸರ್‌ನಿಂದಲೇ ತೆಗೆಯಿರಿ.